ಸರ್ವೆ ಜಗದೇವನ ಶನಿವಾರಗಳು

ಆಳಂದದ ಭೂಮಾಪಕ ಜಗದೇವ ತನ್ನ ಹದಿಮೂರು ವರ್ಷದ ನೌಕರಿಯಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಅದನ್ನೂ ಸರಿಯಾಗಿ ಹೇಳಲು ಬರಲಿಲ್ಲ.

ಅಂದು ಬುಧವಾರ. ಕಚೇರಿಗೆ ನಾಲ್ಕು ಗಂಟೆಯ ಚಹಾ ಬಂದಿತ್ತು. ಪಕ್ಕದ ಮೇಜಿನ ಸಂಜುಕುಮಾರನಿಗೆ ಮದುವೆಯಾಗಿ ಇನ್ನೂ ಆರು ತಿಂಗಳು. ಆ ಆರು ತಿಂಗಳ ಅನುಭವದ ಮೇಲೆ ಅವನು ಇಡೀ ಕಚೇರಿಗೆ ದಾಂಪತ್ಯದ ಪಾಠ ಹೇಳುತ್ತಿದ್ದ. ತಾನೂ ತನ್ನ ಹೆಂಡತಿ ವಂದನಾಳೂ ವಾರಕ್ಕೊಮ್ಮೆ ಹೊಸದೊಂದು ಹೋಟೆಲಿಗೆ ಊಟಕ್ಕೆ ಹೋಗುತ್ತೇವೆಂದೂ, ಅದಕ್ಕೆ ‘ಡೇಟ್ ನೈಟ್’ ಎಂಬ ಹೆಸರಿದೆಯೆಂದೂ, ಅದಿಲ್ಲದ ಸಂಸಾರ ಬರೀ ರೇಷನ್ ಕಾರ್ಡಿನ ಮೇಲಿನ ಸಂಸಾರವೆಂದೂ ಹೇಳಿ, ಜಗದೇವನ ಕಡೆ ನೋಡಿ ಕನಿಕರದಿಂದ ನಕ್ಕ.

“ನೀವು ಸೀನಿಯರ್ ಮಂದಿ ಬಿಡ್ರಿ ಸರ್. ನಿಮಗ ಇದೆಲ್ಲಾ ಆಗಂಗಿಲ್ಲ.”

“ಯಾಕ ಆಗಂಗಿಲ್ಲ?” ಎಂದ ಜಗದೇವ. “ನಾವೂ ಪ್ರತಿ ಶನಿವಾರ ಹೋಗ್ತೇವಿ.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆದರೆ ಆಡಿದ ಮಾತು ಸರ್ವೆ ನಂಬರಲ್ಲ, ತಿದ್ದುಪಡಿಗೆ ಅರ್ಜಿ ಹಾಕಲು ಬರುವುದಿಲ್ಲ. ಸಂಜುಕುಮಾರನ ಹೆಂಡತಿ ವಂದನಾ ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಜಗದೇವನ ಹೆಂಡತಿ ಪಂಚಶೀಲಾ ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ನಾಲ್ಕೂಕಾಲಿಗೆ ಕಚೇರಿಯಲ್ಲಿ ಹುಟ್ಟಿದ ಸುಳ್ಳು ನಾಲ್ಕೂವರೆಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತಿತ್ತು.

ಸಂಜೆ ಜಗದೇವ ಮನೆಗೆ ಬಂದಾಗ ಪಂಚಶೀಲಾ ಬಾಗಿಲಲ್ಲೇ ನಿಂತಿದ್ದಳು.

“ಪ್ರತಿ ಶನಿವಾರ ಹೆಂಡ್ತಿ ಜೋಡಿ ಹೊರಗ ಉಣ್ಣಾಕ ಹೋಗ್ತೀರಂತ. ಕೇಳಿ ಭಾಳ ಖುಷಿ ಆತು. ಯಾವ ಹೆಂಡ್ತಿ ಅಂತ ತಿಳ್ಕೋಬಹುದೇನ್ರಿ?”

ಜಗದೇವ ಚಪ್ಪಲಿ ಬಿಡುವುದನ್ನೂ ಮರೆತು ನಿಜ ಒಪ್ಪಿಕೊಂಡ. ಪಂಚಶೀಲಾ ಬಯ್ಯುತ್ತಾಳೆಂದು ಕಾದ. ಅವಳು ಬಯ್ಯಲಿಲ್ಲ. ಒಂದು ಕ್ಷಣ ಏನೋ ಯೋಚಿಸಿ, “ಹಂಗಾದ್ರ ಹೋಗೂಣು” ಅಂದಳು. “ಪ್ರತಿ ಶನಿವಾರ. ನನಗೂ ನಿಮ್ಮ ಜೋಡಿ ಕೂತು ಒಂದು ನಾಕು ಮಾತು ಆಡೂದದ.”

ಆ ಕೊನೆಯ ವಾಕ್ಯ ಕೇಳಿ ಜಗದೇವ ಚಪ್ಪಲಿ ಸಮೇತ ಒಳಗೆ ನಡೆದ. ಹೊಲದ ಬದುವಿನ ಮೇಲೆ ಅಣ್ಣತಮ್ಮಂದಿರು ಕೊಡಲಿ ಹಿಡಿದು ನಿಂತಿದ್ದರೂ ನಡುವೆ ಹೋಗಿ ಅಳತೆಯ ಸರಪಳಿ ಹಾಸುವ ಮನುಷ್ಯ ಅವನು. ಆದರೆ ‘ಒಂದು ಮಾತು ಆಡೂದದ’ ಎಂದು ಯಾರಾದರೂ ಅಂದರೆ ಸಾಕು, ಆ ಮಾತು ಬರುವವರೆಗೆ ಅನ್ನ ಇಳಿಯುತ್ತಿರಲಿಲ್ಲ. ಬಂದ ಮೇಲಂತೂ ನಿದ್ದೆಯೂ ಹತ್ತುತ್ತಿರಲಿಲ್ಲ.

ಮನೆಯಲ್ಲಿ ಇವರಿಬ್ಬರನ್ನು ಬಿಟ್ಟರೆ ಇದ್ದವಳು ಜಗದೇವನ ತಾಯಿ ಕಸ್ತೂರಿಬಾಯಿ. ಒಬ್ಬಳೇ ಮಗಳು ವಸತಿ ಶಾಲೆಯಲ್ಲಿ ಆರನೆಯ ತರಗತಿ ಓದುತ್ತಿದ್ದಳು. ಶನಿವಾರ ಸಂಜೆ ಸೊಸೆ ರೊಟ್ಟಿ ಬಡಿದು, ಬ್ಯಾಳಿ ಪಲ್ಯ ಮಾಡಿ, ಎಲ್ಲವನ್ನೂ ಅತ್ತೆಗೆ ಬಡಿಸಿ, ಆಮೇಲೆ ಗಂಡನ ಜೊತೆ ಹೋಟೆಲಿಗೆ ಹೊರಟದ್ದನ್ನು ಕಂಡು ಕಸ್ತೂರಿಬಾಯಿಗೆ ತಲೆಬುಡ ತಿಳಿಯಲಿಲ್ಲ.

“ಮನ್ಯಾಗ ಅಡಿಗಿ ಅದ, ಹೊರಗ ಯಾಕ ಉಣ್ತೀರಿ?”

“ಮಾತಾಡಾಕ ಹೊಂಟೇವಿ ಅತ್ತಿ” ಎಂದಳು ಪಂಚಶೀಲಾ.

“ಮನ್ಯಾಗ ಮಾತಾಡಿದ್ರ ಯಾರು ಬ್ಯಾಡಂದಾರ?”

ಇಬ್ಬರೂ ಬೈಕು ಹತ್ತಿದರು. ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ.

ಮೊದಲ ಶನಿವಾರ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ಹೊಸದಾಗಿ ತೆರೆದಿದ್ದ ಎಸಿ ರೆಸ್ಟೋರೆಂಟ್. ಮೆನು ಹದಿನಾರು ಪುಟ ಇತ್ತು. ಜಗದೇವ ಅದನ್ನು ಪಹಣಿ ಓದುವ ಹಾಗೆ ಮೊದಲ ಕಾಲಮ್ಮಿನಿಂದ ಕೊನೆಯವರೆಗೆ ಓದಿದ. ವೇಟರ್ ಮೂರು ಸಲ ಬಂದು ಹೋದ. ನಾಲ್ಕನೆಯ ಸಲ ಬಂದಾಗ ಗಾಬರಿಯಲ್ಲಿ ಜಗದೇವ ಬೆರಳಿಟ್ಟ ಜಾಗದಲ್ಲಿ ‘ಸಿಜ್ಲರ್’ ಎಂದಿತ್ತು.

“ನಿಮಗೊಂದು ಮಾತು ಹೇಳಬೇಕಿತ್ತು” ಎಂದು ಪಂಚಶೀಲಾ ಶುರುಮಾಡಿದಳು. “ಹೋದ ತಿಂಗಳು ಬೆಂಗಳೂರಿಂದ...”

ಅಷ್ಟರಲ್ಲಿ ವೇಟರ್ ಕಬ್ಬಿಣದ ತಟ್ಟೆ ತಂದ. ಅದು ಚರ್ ಚರ್ ಎನ್ನುತ್ತಿತ್ತು, ಅದರಿಂದ ದಟ್ಟ ಹೊಗೆ ಏಳುತ್ತಿತ್ತು. ಕಚೇರಿಯಲ್ಲಿ ಆ ವಾರವಷ್ಟೇ ಬೆಂಕಿ ಸುರಕ್ಷತೆಯ ತರಬೇತಿ ಮುಗಿಸಿದ್ದ ಜಗದೇವ ಚಂಗನೆ ಎದ್ದು, “ಸರೀರಿ, ಎಲ್ಲಾರೂ ಹಿಂದ ಸರೀರಿ!” ಎಂದು ಕೂಗಿ, ಜಗ್ಗಿನ ನೀರೆಲ್ಲ ಅದರ ಮೇಲೆ ಸುರಿದ. ಬೆಂಕಿ ಆರಿತು. ಬೆಂಕಿ ಇರಲಿಲ್ಲವಾದ್ದರಿಂದ ಆರಿದ್ದು ಊಟ. ಪಕ್ಕದ ಮೇಜಿನ ಮದುವೆ ಬೀಗರು ಎದ್ದು ನಿಂತು ಚಪ್ಪಾಳೆ ತಟ್ಟಬೇಕೋ ಓಡಬೇಕೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದರು.

ಎರಡನೆಯ ಶನಿವಾರ ಕಲಬುರಗಿ ರಸ್ತೆಯ ಧಾಬಾ. ಹೊರಸಿನ ಮೇಲೆ ಕೂತು ಊಟ. ಪಂಚಶೀಲಾ ಹಸಿಮೆಣಸಿನಕಾಯಿ ಕಚ್ಚಿ, ಆಕಾಶ ನೋಡಿ, “ಎಷ್ಟು ಚಂದ ಅದ” ಅಂದಳು. ಜಗದೇವ ಬಗ್ಗಿ ಹೊರಸಿನ ಕೆಳಗೆ ಹಾವು ಇದೆಯೇ ಎಂದು ನೋಡುತ್ತಿದ್ದ. ಅವಳು, “ಈಗರ ಕೇಳ್ರಿ, ಆ ಮಾತು...” ಅಂದಳು. ಅವನು ತಟ್ಟನೆ ತಲೆ ಎತ್ತಿದ.

“ಶೀಲಾ, ಗ್ಯಾಸ್ ಬಂದ್ ಮಾಡೀಯೇನು?”

“ಮಾಡೇನ್ರಿ.”

“ಕೈಲೆ ತಿರುವಿ ನೋಡೀಯೇನು?”

ಅವಳು ಉತ್ತರಿಸುವ ಮೊದಲೇ ಅವನು ಬೈಕಿನ ಕಿಕ್ ಒದೆಯುತ್ತಿದ್ದ. ಎಂಟು ಕಿಲೋಮೀಟರು ಹಿಂದಕ್ಕೆ ಬಂದು ನೋಡಿದರೆ ಗ್ಯಾಸ್ ಬಂದ್ ಇತ್ತು, ಕಸ್ತೂರಿಬಾಯಿ ಟಿವಿ ಮುಂದೆ ಇದ್ದಳು. “ಇಷ್ಟ ಜಲ್ದಿ ಮಾತು ಮುಗೀತೇನು?” ಎಂದು ಕೇಳಿದಳು. ಪಂಚಶೀಲಾ ನೇರವಾಗಿ ಒಳಗೆ ಹೋದಳು.

ಅವಳ ಬೆನ್ನು ನೋಡುತ್ತ ಜಗದೇವನಿಗೆ ಮೊದಲ ಸಲ ಬೇರೆ ಬಗೆಯ ಹೆದರಿಕೆ ಹುಟ್ಟಿತು. ತನ್ನ ಜೊತೆ ಕೂತು ಊಟ ಮಾಡುವುದು ಇವಳಿಗೆ ಬೇಸರವಾಗಿಬಿಟ್ಟರೆ? ತಾನಾದರೂ ಏನು ಮಾತಾಡುತ್ತೇನೆ? ಹದಿಮೂರು ವರ್ಷದಲ್ಲಿ ಅವಳಿಗೆ ಬದು, ಕಾಲುದಾರಿ, ಗಡಿಕಲ್ಲು ಬಿಟ್ಟು ಬೇರೇನಾದರೂ ಹೇಳಿದ್ದೇನೆಯೇ?

ಹೀಗಾಗಿ ಮೂರನೆಯ ಶನಿವಾರ ಅವನು ತಯಾರಿ ಮಾಡಿಕೊಂಡು ಹೋದ. ಮಧ್ಯಾಹ್ನ ಕಚೇರಿಯಲ್ಲಿ ಕೈಗೆ ಸಿಕ್ಕ ಒಂದು ಕಾಗದದ ಮೇಲೆ ದುಂಡಗೆ ಬರೆದ: ‘ಶನಿವಾರ ಶೀಲಾ ಜೊತೆ ಮಾತಾಡುವ ವಿಷಯಗಳು.’ ಅದರ ಕೆಳಗೆ ೧, ೨, ೩, ೪ ಎಂದು ಅಂಕಿ ಹಾಕಿದ. ಆಮೇಲೆ ಸಂಜೆ ಐದೂವರೆಯವರೆಗೆ ಯೋಚಿಸಿದ. ಅಂಕಿಗಳ ಮುಂದೆ ಏನೂ ಹೊಳೆಯಲಿಲ್ಲ. ದಾರಿಯಲ್ಲಿ ಹೊಳೆದರೆ ಬರೆದುಕೊಳ್ಳಬಹುದೆಂದು ಕಾಗದವನ್ನು ಜೇಬಿಗೆ ಹಾಕಿಕೊಂಡ.

ಆ ದಿನ ಹೋದದ್ದು ಶಿವಪ್ರಕಾಶನ ಖಾನಾವಳಿಗೆ. ಶಿವಪ್ರಕಾಶ ಊರಿಗೆಲ್ಲ ಬೇಕಾದ ಮನುಷ್ಯ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಾನೇ ನಿಂತು ಬಡಿಸಿದ. ಜಗದೇವ ಮೇಜಿನ ಕೆಳಗೆ ಕಾಗದ ಹಿಡಿದು ಖಾಲಿ ಅಂಕಿಗಳನ್ನು ನೋಡುತ್ತ ರೊಟ್ಟಿ ಮುರಿದ. ಪಂಚಶೀಲಾ, “ಬ್ಯಾರೆ ಊರಿಗೆ ಹೋಗೂದು ಅಂದ್ರ ನಿಮಗ ಹ್ಯಾಂಗ ಅನಸ್ತದ?” ಎಂದು ಸುತ್ತು ಹಾಕಿ ಕೇಳಿದಳು. “ಯಾವೂರು? ಬಸ್ಸಿನ್ಯಾಗೋ, ಟ್ರೇನಿನ್ಯಾಗೋ? ಟಿಕೆಟ್ ಸಿಗ್ತದೇನು?” ಎಂದು ಅವನು ಒಂದೇ ಉಸಿರಿಗೆ ಕೇಳಿದ. ಅವಳು, “ಏನಿಲ್ಲ, ಉಣ್ರಿ” ಅಂದಳು.

ಕೈ ತೊಳೆಯಲು ಎದ್ದಾಗ ಕಾಗದ ಅಲ್ಲೇ ಬಿತ್ತು.

ಇನ್ನು ಆ ಕಾಗದದ ಹಿಂಬದಿ. ಅದು ಅದೇ ವಾರ ಅಳತೆ ಮಾಡಿದ ಒಂದು ಹೊಲದ ಟಿಪ್ಪಣಿ. ಪಾಲಾಗುತ್ತಿದ್ದ ಅಣ್ಣತಮ್ಮಂದಿರ ಮಾತುಗಳನ್ನು ಜಗದೇವ ಮರೆಯದಿರಲೆಂದು ಗೀಚಿಕೊಂಡಿದ್ದ: ‘ಇಬ್ಬರಿಗೂ ಬೇರೆಯಾಗಲು ಒಪ್ಪಿಗೆ. ಕೂಡಿ ಇರುವುದು ಇನ್ನು ಸಾಧ್ಯವಿಲ್ಲ ಎನ್ನುತ್ತಾರೆ. ಮನೆ ಸಮನಾಗಿ. ನಡುವೆ ಕಲ್ಲು. ಮುದುಕಿ ಯಾರ ಪಾಲಿಗೆ? ಇಬ್ಬರಿಗೂ ಬೇಡ. ಬರುವ ಶನಿವಾರದೊಳಗೆ ಮುಗಿಸಬೇಕು.’

ಶಿವಪ್ರಕಾಶ ಕಾಗದ ಎತ್ತಿಕೊಂಡು ಈ ಕಡೆ ಓದಿದ. ವಿಷಯಗಳು ಎಂದಿತ್ತು, ವಿಷಯ ಇರಲಿಲ್ಲ. ತಿರುಗಿಸಿ ಆ ಕಡೆ ಓದಿದ. ಅವನ ಕೈಯಲ್ಲಿದ್ದ ಸಾರಿನ ಸೌಟು ಸಾರಿಗೇ ಬಿತ್ತು.

ಭಾನುವಾರ ಬೆಳಿಗ್ಗೆ ಅವನು ಕಾಗದ ಹಿಡಿದು ಜಗದೇವನ ಮನೆಗೆ ಬಂದ. ಗಂಡ ಹೆಂಡತಿ ಮಗಳನ್ನು ನೋಡಲು ವಸತಿ ಶಾಲೆಗೆ ಹೋಗಿದ್ದರು. ಇಂಥ ಕಾಗದವನ್ನು ತಾಯಿಯ ಕೈಗೆ ಕೊಡುವುದು ಹೇಗೆಂದು ಅವನು ಪಕ್ಕದ ಮನೆಯ ಕುಲಸುಮಬಿಯ ಕೈಗೆ ಕೊಟ್ಟು, “ಯಾರಿಗೂ ಹೇಳಬ್ಯಾಡ್ರಿ” ಎಂದು ಹೇಳಿ ಹೋದ. ಕುಲಸುಮಬಿ ಇಪ್ಪತ್ತೆಂಟು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಕೈಗೆ ಬಂದ ಕಾಗದವನ್ನೆಲ್ಲ ಜೋರಾಗಿ ಓದುವುದು ಅವಳಿಗೆ ರೂಢಿ. ಅಂದೂ ಹಾಗೆಯೇ ಓದಿದಳು. ಮೋಟುಗೋಡೆಯ ಈಚೆ ಕಸ್ತೂರಿಬಾಯಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು.

“ಮುದುಕಿ ಯಾರ ಪಾಲಿಗೆ? ಇಬ್ಬರಿಗೂ ಬೇಡ,” ಎಂದಲ್ಲಿಗೆ ಕುಲಸುಮಬಿ ಓದು ನಿಲ್ಲಿಸಿ ಬಾಯಿಗೆ ಸೆರಗು ಮುಚ್ಚಿಕೊಂಡಳು.

“ಇನ್ನೊಮ್ಮಿ ಓದು” ಎಂದಳು ಕಸ್ತೂರಿಬಾಯಿ.

“ಬ್ಯಾಡ ಆಪಾ.”

“ಓದಂದ್ರ ಓದು. ಮುದುಕಿ ಇಬ್ಬರಿಗೂ ಬ್ಯಾಡಂತ ಬರದಾನ? ನನ್ನ ಹೊಟ್ಟ್ಯಾಗ ಹುಟ್ಟಿದಂವ?”

“ಹಿಮ್ಮತ್ ಹಿಡಿ ಆಪಾ. ಮೊದ್ಲು ಅವರಿಬ್ಬರದು ನೋಡೂಣು. ಹೋಟೆಲಿಗೆ ಹೋಗಿ ಹೋಗಿ ಏನ್ ಮಾತಾಡ್ತಾರಂತ ಈಗ ತಿಳೀತು. ಮನ್ಯಾಗ ನೀ ಇರ್ತೀ ಅಂತ ಹೊರಗ ಕೂತು ಪಾಲು ಮಾಡ್ಕೋಳಾಕತ್ತಾರ.”

ಕಸ್ತೂರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಜೇವರ್ಗಿ ತಾಲ್ಲೂಕಿನ ಇಜೇರಿಗೆ ಫೋನು ಹಚ್ಚಲು ಹೇಳಿದಳು. ಇಜೇರಿಯಲ್ಲಿ ಪಂಚಶೀಲಾಳ ತಂದೆ ಮಹಾದೇವಪ್ಪ ಇದ್ದರು. ನಿವೃತ್ತ ಹೆಡ್ ಮಾಸ್ತರರು. ಸುದ್ದಿಯನ್ನು ಅವರು ಎರಡು ಸಲ ಹೇಳಿಸಿ ಕೇಳಿದರು. ಆಮೇಲೆ, “ಶನಿವಾರ ತನಕ ಯಾರೂ ಬಾಯಿ ಬಿಡಬ್ಯಾಡ್ರಿ. ಅವರಿಗೆ ಏನೂ ತಿಳಿಯಬಾರದು. ಅಲ್ಲೇ ಸ್ಥಳದಾಗ ಹಿಡಿದು ಬುದ್ಧಿ ಹೇಳೂಣು” ಎಂದರು. ನಲವತ್ತು ವರ್ಷ ಕಾಪಿ ಹೊಡೆಯುವ ಹುಡುಗರನ್ನು ಹಿಡಿದದ್ದೂ ಹೀಗೆಯೇ.

ಜಗದೇವನ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಆದರೆ ಬಾಯಿ ಬಿಡದೆ ಮರುಗುವುದನ್ನು ಮಹಾದೇವಪ್ಪನವರು ಬೇಡ ಎಂದಿರಲಿಲ್ಲ.

ಸೋಮವಾರ ಜಗದೇವ ಉಣ್ಣಲು ಕೂತಾಗ ತಾಯಿ ಅವನ ತಲೆ ಸವರಿ, “ತಿನ್ನಪ್ಪಾ, ಇನ್ನೆಷ್ಟು ದಿನ” ಎಂದು ಅತ್ತಳು. ಮಂಗಳವಾರ ಕುಲಸುಮಬಿ ಒಂದು ಡಬ್ಬಿ ಬಿರಿಯಾನಿ ತಂದುಕೊಟ್ಟು, “ಫಿಕರ್ ಮಾಡಬ್ಯಾಡ ಬೇಟಾ. ಇಂಥಾ ಟೈಮಿನ್ಯಾಗ ಮನುಷ್ಯ ಗಟ್ಟಿ ಇರಬೇಕು” ಎಂದಳು. ದಾರಿಯಲ್ಲಿ ಸಿಕ್ಕ ಶಿವಪ್ರಕಾಶ ಇವನ ಎರಡೂ ಕೈ ಹಿಡಿದು, ಇನ್ನು ಮೇಲೆ ಊಟಕ್ಕೆ ರೊಕ್ಕ ಕೊಡಬಾರದೆಂದು ಹೇಳಿ ಹೋದ.

ಬುಧವಾರ, ಶಿವಪ್ರಕಾಶನ ಖಾನಾವಳಿಯಲ್ಲಿ ಉಂಡು ಬಂದಿದ್ದ ಸಂಜುಕುಮಾರ ಚಹಾ ಲೋಟವನ್ನು ಇವನ ಮುಂದಿಟ್ಟು ಪಿಸುಗುಟ್ಟಿದ. “ಸರ್, ಎಲ್ಲಾ ಗೊತ್ತಾತು. ಈಗಿನ ಕಾಲದಾಗ ಇದು ಕಾಮನ್ ರಿ. ನಮ್ಮ ದೊಡ್ಡಪ್ಪನ ಮಗಗೂ ಆಗೇದ.”

“ಏನಾಗೇದ?”

“ಅದ ಸರ್. ಆರು ತಿಂಗಳದಾಗ ಎಲ್ಲಾ ಮುಗೀತು. ತಕಲೀಫ್ ಏನೂ ಆಗಲಿಲ್ಲ. ಒಂದು ದಿನ ಕರದ್ರು, ಹೋದ, ಆತು.”

“ಹೋದಾ?”

“ಹೋದ. ಈಗ ಭಾಳ ಶಾಂತಿಯಿಂದ ಅದಾನ.”

ಜಗದೇವ ಚಹಾ ಲೋಟವನ್ನು ಕುಡಿಯದೆ ದೂರ ಸರಿಸಿದ. ಈಗ ಅವನಿಗೆ ಎಲ್ಲ ಸ್ಪಷ್ಟವಾಯಿತು. ತಿಂಗಳ ಹಿಂದೆ ಕಚೇರಿಯಲ್ಲಿ ಆರೋಗ್ಯ ಶಿಬಿರ ನಡೆದಿತ್ತು. ಇವನ ರಕ್ತವನ್ನೂ ತೆಗೆದುಕೊಂಡಿದ್ದರು. ರಿಪೋರ್ಟಿನಲ್ಲಿ ಏನಿದೆಯೋ ಎಂಬ ಭಯಕ್ಕೆ ಇವನು ತರಲು ಹೋಗಿರಲಿಲ್ಲ. ಪಂಚಶೀಲಾ ಹೋಗಿ ತಂದಿದ್ದಳು. ತಂದು ಏನೂ ಹೇಳಿರಲಿಲ್ಲ. ಅದಾದ ಮೇಲೇ ಅಲ್ಲವೇ, ‘ಒಂದು ಮಾತು ಆಡೂದದ’ ಎಂದದ್ದು? ಅದಾದ ಮೇಲೇ ಅಲ್ಲವೇ, ವಾರಕ್ಕೊಂದು ಹೋಟೆಲಿನಲ್ಲಿ ಬಾಯಿಗೆ ರುಚಿಯಾದದ್ದನ್ನು ತಿನ್ನಿಸುತ್ತಿರುವುದು? ‘ಬ್ಯಾರೆ ಊರಿಗೆ ಹೋಗೂದು’ ಎಂದರೆ ಯಾವ ಊರು?

ಗುರುವಾರ, ಶುಕ್ರವಾರ ಅವನು ರಜೆ ಹಾಕಿ ತನ್ನ ಬಾಳಿನ ಕಡತಗಳನ್ನು ಮುಗಿಸಿದ. ಮಗಳಿಗೆ ಒಂದು ಪತ್ರ ಬರೆದ. ಅದರಲ್ಲಿ ಚೆನ್ನಾಗಿ ಓದು ಎಂದೂ ರಸ್ತೆ ದಾಟುವಾಗ ಎರಡೂ ಕಡೆ ನೋಡು ಎಂದೂ ಇತ್ತು. ಬೈಕಿನ ಎರಡನೆಯ ಕೀಲಿಯನ್ನು ಪಂಚಶೀಲಾಳ ಪರ್ಸಿನಲ್ಲಿಟ್ಟ. ಅವಳು ಅದನ್ನು ನೋಡಿ, “ಇದ್ಯಾಕ್ರಿ?” ಎಂದಾಗ, “ಇರಲಿ, ಮುಂದ ಬೇಕಾಗ್ತದ” ಎಂದು ಗೋಡೆ ಕಡೆ ತಿರುಗಿದ.

ನಾಲ್ಕನೆಯ ಶನಿವಾರ ಬಂತು. ಸಂಜೆ ಏಳಕ್ಕೆ ಅವರು ಹೋದದ್ದು ಪರದೆ ಹಾಕಿದ ಫ್ಯಾಮಿಲಿ ಕ್ಯಾಬಿನ್ನುಗಳ ಹೋಟೆಲಿಗೆ. ಪಂಚಶೀಲಾ ಬೆಳಿಗ್ಗೆಯೇ ಅತ್ತೆಗೆ ಹೋಟೆಲಿನ ಹೆಸರು ಹೇಳಿದ್ದಳು. ಅತ್ತೆ ಅಷ್ಟು ಆಸೆಯಿಂದ ಕೇಳಿದ್ದು ಯಾಕೆಂದು ಅವಳಿಗೆ ಹೊಳೆದಿರಲಿಲ್ಲ. ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಆಟೋ ಹಿಡಿದು ಮೊದಲೇ ಬಂದ ಮಹಾದೇವಪ್ಪ, ಕಸ್ತೂರಿಬಾಯಿ, ಕುಲಸುಮಬಿ ಮೂವರೂ ಪಕ್ಕದ ಕ್ಯಾಬಿನ್ನಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಮಹಾದೇವಪ್ಪನವರು ಮೂರು ನೀರು ಹೇಳಿದ್ದರು. ವೇಟರ್ ಹೋಗದೆ ನಿಂತದ್ದರಿಂದ ಅನಿವಾರ್ಯವಾಗಿ ಒಂದು ಗೋಬಿ ಮಂಚೂರಿಯನ್ನೂ ಹೇಳಿದ್ದರು.

ಪರದೆಯ ಈಚೆ ಪಂಚಶೀಲಾ ಗಂಡನ ಕೈಮೇಲೆ ಕೈಯಿಟ್ಟಳು. “ಇವತ್ತ ಹೇಳೇ ತೀರ್ತೇನಿ. ನಡು ಬಾಯಿ ಹಾಕಬ್ಯಾಡ್ರಿ.”

“ನನಗ ಗೊತ್ತಾಗೇದ ಶೀಲಾ” ಎಂದ ಜಗದೇವ. “ಎಲ್ಲಾ ಗೊತ್ತಾಗೇದ.”

“ಗೊತ್ತಾಗೇದ? ಯಾರು ಹೇಳಿದ್ರು?”

“ಯಾರೂ ಹೇಳಬೇಕಿಲ್ಲ. ಎಷ್ಟು ದಿನ ಅಂತ ಒಂದು ಹೇಳಿಬಿಡು.”

“ತಿಂಗಳ ಕೊನೀತನ ಟೈಮ್ ಕೊಟ್ಟಾರ.”

ಜಗದೇವ ಕಣ್ಣು ಮುಚ್ಚಿಕೊಂಡ. ಅಂದು ತಾರೀಕು ಇಪ್ಪತ್ತಮೂರು.

ಅದೇ ಹೊತ್ತಿಗೆ ಪಕ್ಕದಲ್ಲಿ ಕಸ್ತೂರಿಬಾಯಿ ದುಃಖ ತಡೆಯಲಾರದೆ ಒಂದು ಮಂಚೂರಿ ಬಾಯಿಗೆ ಹಾಕಿಕೊಂಡಿದ್ದಳು. ಅದು ಇಡೀ ಆಳಂದ ತಾಲ್ಲೂಕಿನ ಖಾರವನ್ನು ತನ್ನೊಳಗೆ ಇಟ್ಟುಕೊಂಡಿತ್ತು. ಮೊದಲು ಕೆಮ್ಮು ಬಂತು, ಆಮೇಲೆ “ನೀರು, ನೀರು!” ಎಂಬ ಕೂಗು, ಅದರ ಹಿಂದೆ ಪರದೆ. ಕುಲಸುಮಬಿ ಅವಳನ್ನು ಹಿಡಿಯಲು ಹೋಗಿ ಪರದೆ ಹಿಡಿದಿದ್ದಳು. ಕಂಬಿ ಸಮೇತ ಪರದೆ ಕೆಳಗೆ ಬಂದು, ಎರಡು ಕ್ಯಾಬಿನ್ನುಗಳು ಒಂದಾದವು.

“ಅವ್ವಾ?” ಎಂದ ಜಗದೇವ.

“ಅಪ್ಪಾ?” ಎಂದಳು ಪಂಚಶೀಲಾ.

“ಜೈ ಭೀಮ್” ಎಂದರು ಮಹಾದೇವಪ್ಪ, ಎಂಥ ಸಂದರ್ಭದಲ್ಲೂ ಶಿಸ್ತು ಬಿಡದವರು. ಆಮೇಲೆ ಅಳಿಯನ ಎದುರಿನ ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, “ನೋಡ್ರಿ ಅಳಿಯಾರ, ನಮಗೂ ಎಲ್ಲಾ ತಿಳಿದದ. ಹಿಂಗ್ಯಾಕ ಮಾಡಿದ್ರಿ?” ಎಂದರು.

“ನಾ ಏನ್ ಮಾಡೇನ್ರಿ ಮಾವಾರ? ತಾನಽ ಬಂತು.”

“ತಾನಽ ಹ್ಯಾಂಗ ಬರ್ತದ? ಮೊದಲ ಸಣ್ಣದಿದ್ದಾಗ ಹಿರಿಯಾರಿಗೆ ಹೇಳಬೇಕಿತ್ತು. ಕೂತು ಬಗೀಹರಸ್ತಿದ್ವಿ.”

“ಇದು ಹಿರಿಯಾರು ಕೂತ್ರ ಬಗೀಹರಿಯೂದಲ್ರಿ. ನಾ ಹೋಗೂದು ಹೋಗೂದ. ನಾ ಹೋದ ಮ್ಯಾಲ ಅಕಿನ್ನ ಚಂದಾಗಿ ನೋಡ್ಕೋರಿ. ಅಷ್ಟಽ ನನ್ನ ಬೇಡಿಕಿ.”

“ಹೋಗಂಗಿಲ್ಲ!” ಮಹಾದೇವಪ್ಪನವರು ಮೇಜು ಗುದ್ದಿದರು.

“ಎಲ್ಲಾರೂ ಒಂದಿನ ಅಲ್ಲಿಗೆ ಹೋಗೂದಲ್ರಿ ಮಾವಾರ.”

“ಯಾರು ಹೇಳಿದ್ರು ನಿಮಗ? ನಮ್ಮ ಮನಿತನದಾಗ ಇಲ್ಲೀತನ ಒಬ್ಬರೂ ಹೋಗಿಲ್ಲ!”

ಜಗದೇವ ದಿಗ್ಭ್ರಾಂತನಾಗಿ ಮಾವನ ಮುಖ ನೋಡಿದ. ಇಜೇರಿಯ ಹವೆ ಚೆನ್ನಾಗಿದೆ ಎಂದು ಕೇಳಿದ್ದ, ಇಷ್ಟು ಚೆನ್ನಾಗಿದೆ ಎಂದು ಗೊತ್ತಿರಲಿಲ್ಲ.

“ನಮ್ಮ ಮುತ್ಯಾ, ಅವರಪ್ಪ, ಯಾರೂ ಕೋರ್ಟಿನ ಮೆಟ್ಟಲ ಹತ್ತಿಲ್ಲ” ಎಂದು ಮಹಾದೇವಪ್ಪ ಮಾತು ಮುಗಿಸಿದರು.

“ಕೋರ್ಟು ಯಾಕ್ರಿ?” ಎಂದ ಜಗದೇವ. “ನಾ ಸಾಯಾಕತ್ತೇನಿ.”

ಕಸ್ತೂರಿಬಾಯಿ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಉಳಿದ ಕ್ಯಾಬಿನ್ನುಗಳ ಪರದೆಗಳ ಸಂದಿನಿಂದ ಒಂದೊಂದೇ ತಲೆ ಹೊರಗೆ ಬಂದಿತ್ತು. ವೇಟರ್ ಐದು ಗ್ಲಾಸು ನೀರು ತಂದಿಟ್ಟು, ಆರ್ಡರ್ ಪುಸ್ತಕ ತೆರೆದು, ಬರೆಯಬೇಕೋ ಬೇಡವೋ ಎಂದು ನಿಂತಿದ್ದ.

“ಎಲ್ಲಾರೂ ಸುಮ್ಮನ ಕೂಡ್ರಿ!” ಎಂದಳು ಪಂಚಶೀಲಾ. ತೊಂಬತ್ತು ಹುಡುಗರ ತರಗತಿಯನ್ನು ಒಂದೇ ಮಾತಿಗೆ ಕೂರಿಸುವ ಧ್ವನಿ ಅದು. ವೇಟರನೂ ಕೂತ.

ಅವಳು ತಂದೆಯ ಕಿಸೆಯಿಂದ ಇಣುಕುತ್ತಿದ್ದ, ಗಂಡನ ಅಕ್ಷರದ ಕಾಗದ ಎಳೆದು ಓದಿದಳು. ತಿರುಗಿಸಿ ಓದಿದಳು. ಮತ್ತೆ ತಿರುಗಿಸಿದಳು. ಆಮೇಲೆ ಕಾಗದವನ್ನು ಗಂಡನ ಮುಂದಿಟ್ಟಳು.

“ಇದು... ಇದು ಸರ್ವೆ ನಂಬರ್ ತೊಂಬತ್ತೆರಡರ ಟಿಪ್ಪಣಿ!” ಎಂದ ಜಗದೇವ. “ನಾ ಊರೆಲ್ಲಾ ಹುಡುಕಾಕತ್ತಿದ್ದೆ. ಅಣ್ಣತಮ್ಮ ಪಾಲಾಗಾಕತ್ತಾರ.”

“ಹಂಗಾದ್ರ ಮುದುಕಿ?” ಕಸ್ತೂರಿಬಾಯಿ ಮೂಗು ಒರೆಸಿಕೊಳ್ಳುತ್ತ ಕೇಳಿದಳು.

“ಅದು ಅವರ ಮನ್ಯಾಗಿನ ಎಮ್ಮಿ ಬೇ. ಹಾಲು ಹಿಂಡಂಗಿಲ್ಲ. ಅದಕ್ಕ ಇಬ್ಬರಿಗೂ ಬ್ಯಾಡಾಗೇದ.”

“ಒಂದು ವಾರ ನಾ ಎಮ್ಮಿ ಸಲುವಾಗಿ ಅತ್ತೇನಿ?” ಎಂದಳು ಕಸ್ತೂರಿಬಾಯಿ. ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾದ ಹಾಗಿತ್ತು.

“ನೀವು ಯಾಕ ಸಾಯಾಕತ್ತೀರಿ? ಅದನ್ನಷ್ಟು ಹೇಳ್ರಿ” ಎಂದು ಪಂಚಶೀಲಾ ಕೇಳಿದಳು. ಜಗದೇವ ರಕ್ತ ಪರೀಕ್ಷೆಯ ಮಾತು ತಲೆ ತಗ್ಗಿಸಿ ಹೇಳಿದ. ಅವಳು ಬ್ಯಾಗು ತೆರೆದು ರಿಪೋರ್ಟು ಹೊರಗೆ ತೆಗೆದಳು. ಸಕ್ಕರೆ ಸರಿ ಇತ್ತು, ರಕ್ತ ಸರಿ ಇತ್ತು. ಬಿಸಿಲಲ್ಲಿ ನೀರು ಹೆಚ್ಚು ಕುಡಿಯಿರಿ ಎಂದು ವೈದ್ಯರು ಅಡಿಯಲ್ಲಿ ಬರೆದಿದ್ದರು. ಜಗದೇವ ತಕ್ಷಣ ಐದು ಗ್ಲಾಸಿನಲ್ಲಿ ಮೂರನ್ನು ಖಾಲಿ ಮಾಡಿದ.

ಎಲ್ಲರೂ ನಕ್ಕರು. ಕುಲಸುಮಬಿ ಉಳಿದ ಮಂಚೂರಿಯ ತಟ್ಟೆ ತನ್ನ ಕಡೆ ಎಳೆದುಕೊಂಡಳು. ಪಂಚಶೀಲಾ ಮಾತ್ರ ನಗಲಿಲ್ಲ.

“ಆದ್ರ ಬ್ಯಾರೆ ಇರೂದು ಖರೇ ಅದ” ಎಂದಳು.

ಕುಲಸುಮಬಿಯ ಕೈ ಬಾಯಿಯ ಹತ್ತಿರವೇ ನಿಂತಿತು.

“ನನಗ ಪ್ರಿನ್ಸಿಪಾಲ್ ಅಂತ ಬಡ್ತಿ ಬಂದದ. ಹೋದ ತಿಂಗಳು ಬೆಂಗಳೂರಿಂದ ಆರ್ಡರ್ ಬಂತು. ತಿಂಗಳ ಕೊನೀ ಒಳಗ ಹೋಗಬೇಕು, ಇಲ್ಲಂದ್ರ ಬ್ಯಾಡಂತ ಬರದು ಕೊಡಬೇಕು. ಮೊದಲ್ನೇ ಶನಿವಾರದಿಂದ ಇದನ್ನ ಹೇಳಾಕ ನೋಡಾಕತ್ತೇನಿ. ಒಮ್ಮಿ ಬೆಂಕಿ ಆರಸಿದ್ರು, ಒಮ್ಮಿ ಗ್ಯಾಸ್ ನೋಡಾಕ ಓಡಿದ್ರು.” ಅವಳ ಧ್ವನಿ ಇಳಿಯಿತು. “ಹೇಳಿದ್ರ ನೀವು ಎದಿ ಒಡಕೋತೀರಿ ಅಂತ ಹೆದರಿಕಿ. ಹೇಳದಿದ್ರ ನನಗ ಉಸಿರು ಕಟ್ಟಿದಂಗ ಆಗ್ತಿತ್ತು. ನನಗ ಹೋಗಬೇಕಂತ ಅದ್ರಿ. ಹದಿನೈದು ವರ್ಷ ಆತು ಇದಕ್ಕಽ ಕಾಯಾಕತ್ತು.”

ಜಗದೇವ ಹೆಂಡತಿಯನ್ನು ನೋಡಿದ. ಮೂರು ದಿನ ಸಾವಿಗೆ ತಯಾರಾದ ಮನುಷ್ಯನಿಗೆ ಒಂದು ಅನುಕೂಲವಿದೆ: ಆಮೇಲೆ ಬಂದದ್ದೆಲ್ಲ ಚಿಕ್ಕದಾಗಿ ಕಾಣುತ್ತದೆ. ಅವನಿಗೆ ಆಶ್ಚರ್ಯವಾಗುವ ಹಾಗೆ ಅವನ ಬಾಯಿಂದ ಪ್ರಶ್ನೆ ಬರಲಿಲ್ಲ. ಬಸ್ಸಿನದೂ ಇಲ್ಲ, ಗ್ಯಾಸಿನದೂ ಇಲ್ಲ.

“ಹೋಗು” ಎಂದ. “ಹೋಗಲೇಬೇಕು. ಯಾವೂರು?”

“ಗೊಬ್ಬೂರ.”

ಮೇಜಿನ ಸುತ್ತ ಎಲ್ಲರೂ ಕಸ್ತೂರಿಬಾಯಿಯ ಕಡೆ ತಿರುಗಿದರು. ಅಫಜಲಪುರ ತಾಲ್ಲೂಕಿನ ಗೊಬ್ಬೂರ ಅವಳ ಊರು, ಜಗದೇವ ಹುಟ್ಟಿದ ಊರು. ಅಲ್ಲಿ ಅವರ ಮನೆ ಇತ್ತು, ಹೊಲ ಇತ್ತು, ಕಸ್ತೂರಿಬಾಯಿ ವಾರಕ್ಕೊಮ್ಮೆ ಫೋನಿನಲ್ಲಿ ಜಗಳ ಆಡುವ ಇಬ್ಬರು ನೆಗೆಣ್ಣಿಯರಿದ್ದರು.

“ನಾನೂ ಹೋಗ್ತೇನಿ ಸೊಸಿ ಜೋಡಿ” ಎಂದಳು ಕಸ್ತೂರಿಬಾಯಿ. ಒಂದು ಗಳಿಗೆಯೂ ತಡಮಾಡಲಿಲ್ಲ. “ಪ್ರಿನ್ಸಿಪಾಲ್ ಅತ್ತಿ ಅಂತ ಊರಾಗ ಒಂದ ಸುತ್ತು ಹಾಕಿ ಬರ್ತೇನಿ.”

“ನಾನು?” ಎಂದ ಜಗದೇವ.

“ನೀ ಗ್ಯಾಸ್ ಬಂದ್ ಮಾಡ್ಕೊಂಡು ಇರು.”

ಹೀಗೆ, ಮನೆ ಒಡೆಯುತ್ತದೆಂದು ತಡೆಯಲು ಬಂದವರೇ ಮನೆಯನ್ನು ಎರಡು ಮಾಡಿ, ಮೇಲೆ ಐದು ತಟ್ಟೆ ಊಟ ಹೇಳಿ, ಹೊಟ್ಟೆ ತುಂಬ ಉಂಡರು. ಮಹಾದೇವಪ್ಪನವರು ಪರದೆಯ ಕಂಬಿಯನ್ನು ತಾವೇ ಕುರ್ಚಿ ಹತ್ತಿ ಸಿಕ್ಕಿಸಿದರು.

ಮೂವತ್ತನೇ ತಾರೀಕು ಅತ್ತೆ ಸೊಸೆ ಗಂಟುಮೂಟೆ ಕಟ್ಟಿ ಗೊಬ್ಬೂರಕ್ಕೆ ಹೋದರು. ಜಗದೇವ ಆಳಂದದಲ್ಲಿ ಉಳಿದ. ಮೊದಲ ವಾರ ಅವನು ದಿನಕ್ಕೆ ಹನ್ನೊಂದು ಸಲ ಫೋನು ಮಾಡಿದ. ಎರಡನೆಯ ವಾರ ಪಂಚಶೀಲಾ, “ಎಲ್ಲಾ ಶನಿವಾರಕ್ಕ ಇಟ್ಕೋರಿ” ಎಂದಳು.

ಶನಿವಾರಕ್ಕೆ ಜಾಗ ಬೇಕಿತ್ತು. ಜಗದೇವ ನಕ್ಷೆ ಹಾಸಿ, ಆಳಂದಕ್ಕೂ ಗೊಬ್ಬೂರಕ್ಕೂ ಸರಿಯಾಗಿ ನಡುವೆ ಬೀಳುವ ಜಾಗವನ್ನು ಗುರುತು ಹಾಕಿದ. ಹೋಗಿ ನೋಡಿದರೆ ಅಲ್ಲಿ ಹೋಟೆಲಿರಲಿಲ್ಲ. ಒಂದು ಕ್ರಾಸು, ಒಂದು ಬೇವಿನ ಮರ, ಅದರ ಕೆಳಗೆ ಬಾಳಮ್ಮ ಎಂಬ ಮುದುಕಿಯ ಮಿರ್ಚಿ ಭಜಿ ಅಂಗಡಿ, ಎರಡು ಕಲ್ಲು ಬೆಂಚು. ಅವನು ಒಂದು ತಾಸು ಮೊದಲೇ ಬಂದು ಕೂತ. ಬಸ್ಸು ತಡವಾಯಿತೇ, ಟೈರು ಹೋಯಿತೇ, ಅವಳಿಗೆ ಮರೆತೇಹೋಯಿತೇ ಎಂದು ಒಂದೊಂದಾಗಿ ಹೆದರಿ ಮುಗಿಸುವ ಹೊತ್ತಿಗೆ ಪಂಚಶೀಲಾ ಬಸ್ಸಿಂದ ಇಳಿದಳು.

ಅವಳ ಹತ್ತಿರ ಹೇಳಲು ಎರಡು ವಾರದ ಮಾತಿತ್ತು. ಕಾಲೇಜಿನ ಗಂಟೆ ಕದ್ದವರು ಯಾರು, ಅತ್ತೆ ನೆಗೆಣ್ಣಿಯರ ಮುಂದೆ ಹೇಗೆ ಮೆರೆದಳು, ಮೊದಲ ದಿನ ಆ ದೊಡ್ಡ ಕುರ್ಚಿಯಲ್ಲಿ ಕೂತಾಗ ತನ್ನ ಕಾಲು ಹೇಗೆ ನೆಲ ಮುಟ್ಟಲೇ ಇಲ್ಲ. ಇವನ ಹತ್ತಿರವೂ ಇತ್ತು. ತಾನೇ ರೊಟ್ಟಿ ಬಡಿದದ್ದು, ಅದು ದುಂಡಗೆ ಬಾರದೆ ತಾಲ್ಲೂಕಿನ ನಕ್ಷೆಯ ಹಾಗೆ ಬಂದದ್ದು, ಕುಲಸುಮಬಿ ಅದನ್ನು ಗೋಡೆಗೆ ಹಾಕಲು ಕೇಳಿದ್ದು. ಪಂಚಶೀಲಾ ನಗುತ್ತ ನಗುತ್ತ ಬೆಂಚಿನಿಂದ ಜಾರಿದಳು. ಗಂಡ ಅವಳ ಕೈ ಹಿಡಿದು ಎತ್ತಿದ. ಎತ್ತಿದ ಮೇಲೆ ಕೈ ಬಿಡಲು ಮರೆತ.

ಬಾಣಲೆಯ ಹಿಂದಿನಿಂದ ಬಾಳಮ್ಮ ಬಹಳ ಹೊತ್ತು ಇವರನ್ನೇ ನೋಡುತ್ತಿದ್ದಳು. ಭಜಿಯ ತಟ್ಟೆ ತಂದಿಟ್ಟವಳು ಅಲ್ಲೇ ನಿಂತಳು.

“ತಪ್ಪು ತಿಳಕೋಬ್ಯಾಡ್ರಿ. ನೀವು ಯಾರ್‍ಯಾರು?”

“ಗಂಡ ಹೆಂಡ್ತಿ” ಎಂದ ಜಗದೇವ.

ಬಾಳಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನನಗೂ ವಯಸ್ಸಾಗೇದ್ರಿ ಯಪ್ಪಾ. ಅರವತ್ತು ವರ್ಷದಿಂದ ಗಂಡ ಹೆಂಡ್ತಿ ನೋಡಾಕತ್ತೇನಿ. ಲಗ್ನಾದವ್ರು ಹಿಂಗ ಮಾತಾಡ್ತಾರೇನು? ಹಿಂಗ ನಗ್ತಾರೇನು? ಮನ್ಯಾಗ ಹೆಂಡ್ತಿ ಮಕ್ಕಳು ಇರ್ತಾರ, ಹೊತ್ತು ಮುಳುಗೂದ್ರಾಗ ಮನಿ ಸೇರ್‍ರಿ” ಎಂದು ಬಾಣಲೆಯ ಕಡೆ ಹೋದಳು.

ಜಗದೇವ ಅತ್ತಿತ್ತ ನೋಡಿದ. ಈ ಮುದುಕಿ ಯಾರಿಗಾದರೂ ಹೇಳಿದರೆ? ಗೊಬ್ಬೂರದ ಬಸ್ಸಿನವರು ಇಲ್ಲೇ ಚಹಾ ಕುಡಿಯುತ್ತಾರೆ. ಅವನು ಗಡಿಬಿಡಿಯಿಂದ ಪಾಕೀಟು ತೆರೆದ. ಅದರಲ್ಲಿ ಮದುವೆಯ ಫೋಟೋ ಇತ್ತು. “ಬಾಳಮ್ಮಾರ, ಒಂದ ನಿಮಿಷ...” ಎಂದು ಏಳಲು ಹೋದ.

ಪಂಚಶೀಲಾ ಅವನ ತೋಳು ಹಿಡಿದು ಕೂರಿಸಿದಳು. ಅವಳ ಕಣ್ಣಲ್ಲಿ ಹದಿನೆಂಟರ ತುಂಟತನವಿತ್ತು.

“ಹೇಳಬ್ಯಾಡ್ರಿ” ಎಂದಳು. “ಹಂಗಽ ತಿಳಕೊಂಡಿರಲಿ.”

ಜಗದೇವ ಒಂದು ಕ್ಷಣ ಬಾಳಮ್ಮನ ಕಡೆ ನೋಡಿದ, ಒಂದು ಕ್ಷಣ ಹೆಂಡತಿಯ ಕಡೆ. ಆಮೇಲೆ ಪಾಕೀಟನ್ನು ಜೇಬಿಗೆ ಹಾಕಿ, ಬಿಸಿ ಭಜಿಯೊಂದನ್ನು ಎತ್ತಿಕೊಂಡು, ಯಾವ ಎಣ್ಣೆಯಲ್ಲಿ ಕರಿದದ್ದೆಂದು ಕೇಳದೆ ತಿಂದ.